ಅಂಗಳಕ್ಕೆ ಚೆಲ್ಲಿದ ಎರಡು ಕೆ.ಜಿ. ಕಾಳು: ಮಲೆನಾಡಿನ ಒಂದು ಜಮೀನಿನ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಕಾಡಂಚಿನಲ್ಲೊಂದು ಒಂಟಿಮನೆ. ಎರಡು ಎಕರೆ ಅಡಿಕೆ ತೋಟ, ಒಂದು ಎಕರೆ ಗದ್ದೆ, ಮನೆಯ ಹಿಂದೆ ಇಪ್ಪತ್ತು ಗುಂಟೆ ಬ್ಯಾಣ, ಅಂದರೆ ಹುಲ್ಲುಗಾವಲು. ತೋಟದಲ್ಲಿ ಒಂದೂವರೆ ಎಕರೆ ಹತ್ತು ವರ್ಷದ ಹಿಂದೆ ಗದ್ದೆಯೇ ಆಗಿತ್ತು. ಆಳು ಸಿಗದೆ, ಭತ್ತ ಗಿಟ್ಟದೆ, ಅಲ್ಲಿ ಅಡಿಕೆ ಸಸಿ ಕೂತಿತು. ಇಂಥ ಮನೆ ಹೊಸನಗರದಲ್ಲೂ ಇದೆ, ಸಾಗರದಲ್ಲೂ ಇದೆ, ಹಾಗಾಗಿ ಊರಿನ ಹೆಸರು ಬೇಕಿಲ್ಲ.

ಒಕ್ಕಲಿನ ದಿನಗಳಲ್ಲಿ ಹುಲ್ಲುಗೊಣಬೆಯನ್ನು ಮುತ್ತುತ್ತಿದ್ದ ರಾಟವಾಳಗಳ (ಬೀಜ ತಿನ್ನುವ ಸಣ್ಣ ಹಕ್ಕಿ) ಹಿಂಡು ಸಣ್ಣದಾಗಿದೆ, ಹೆಂಚಿನ ಸಂದಿಯ ಗುಬ್ಬಚ್ಚಿಗಳೂ ಕಡಿಮೆಯಾಗಿವೆ ಎಂಬುದು ಮನೆಯವರ ಚಿಂತೆ. ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಹಾಕಬೇಕು ಎಂದು ಎಲ್ಲೋ ಕೇಳಿದ್ದರು. ಡಿಸೆಂಬರ್ ಮೊದಲ ವಾರದಿಂದ ದಿನಾ ಬೆಳಿಗ್ಗೆ ಅಂಗಳದಲ್ಲಿ ಸುಮಾರು ಎರಡು ಕೆ.ಜಿ. ಚೆಲ್ಲತೊಡಗಿದರು. ಅದರಲ್ಲಿ ಒಂದು ಕೆ.ಜಿ. ನುಚ್ಚಕ್ಕಿ, ಅರ್ಧ ಕೆ.ಜಿ. ಒಡೆದ ಮೆಕ್ಕೆಜೋಳ, ಉಳಿದದ್ದು ರಾತ್ರಿಯ ಅನ್ನ, ದೋಸೆಯ ಚೂರು, ಕೈಗೆ ಸಿಕ್ಕಿದ್ದು.

ಮೊದಲ ಹತ್ತು ದಿನ ಚೆನ್ನಾಗಿಯೇ ನಡೆಯಿತು. ಪಾರಿವಾಳದ ಜಾತಿಯ ಬೆಳವಗಳು ಬಂದವು, ಕಾಗೆ ಮತ್ತು ಗೊರವಂಕ ಬಂದವು, ಬೆರಳೆಣಿಕೆಯ ರಾಟವಾಳಗಳೂ ಬಂದವು. ಮೂರನೇ ವಾರಕ್ಕೆ ಒಂದು ಗಂಡು, ನಾಲ್ಕು ಹೆಣ್ಣು ನವಿಲು ಬೆಳಗಿನ ಪಾಳಿ ಹಿಡಿದವು. ಕ್ರಿಸ್‌ಮಸ್ ಹೊತ್ತಿಗೆ ಮಂಗಗಳ ಗುಂಪು ಬಂತು. ಜನವರಿ ನಡುವಿನಲ್ಲಿ ಕೊಟ್ಟಿಗೆಯ ಗೋಡೆಬುಡದಲ್ಲಿ ಹೆಗ್ಗಣದ ಹೊಸ ಬಿಲ ಎದ್ದವು, ಅದರ ಹಿಂದೆಯೇ ಕೇರೆಹಾವು, ಒಮ್ಮೆ ನಾಗರವೂ ಕಂಡಿತು. ಪಕ್ಕದ ಗದ್ದೆಯವರು ಭತ್ತ ಕೊಯ್ದು ಹಸಿ ಆರುವ ಮುಂಚೆ ಬಿತ್ತಿದ್ದ ಅಲಸಂದೆಯ ಮೊಳಕೆಯನ್ನು ನವಿಲು ಸಾಲಾಗಿ ಕಿತ್ತವು. ತಿಂಗಳ ಕೊನೆಗೆ ಒಂದು ಬೆಳವ ಗರಿ ಉಬ್ಬಿಸಿಕೊಂಡು ಅಂಗಳದ ಮೂಲೆಯಲ್ಲಿ ಕೂತಿತ್ತು. ಕೊಕ್ಕಿನ ಸುತ್ತ ಒದ್ದೆಯಾಗಿತ್ತು, ಎತ್ತಿಕೊಂಡ ಕಾಳು ಬಾಯಿಂದ ಜಾರಿ ಬೀಳುತ್ತಿತ್ತು. ಮರುದಿನ ಅದು ಸತ್ತಿತ್ತು, ಮೂರು ದಿನಕ್ಕೆ ಇನ್ನೊಂದೂ ಸತ್ತಿತು.

ಹೊತ್ತು ತಪ್ಪಿದ್ದು

ಚಳಿಗಾಲದಲ್ಲಿ ಹೊಲದ ಹಕ್ಕಿಗಳಿಗೆ ಕಾಳು ಹಾಕುವ ಪದ್ಧತಿ ಚಳಿದೇಶಗಳದ್ದು. ಇಂಗ್ಲೆಂಡಿನಲ್ಲಿ ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಹೊಲದಂಚಿನಲ್ಲಿ ಕಾಳು ಚೆಲ್ಲುವ ರೈತರಿಗೆ ಸರ್ಕಾರವೇ ಹಣ ಕೊಡುವ ಯೋಜನೆ ಬಂದಿತ್ತು. ಅಲ್ಲಿ ಹಿಂದೆ ಗೋಧಿ, ಬಾರ್ಲಿಯ ಕೂಳೆ ಚಳಿಗಾಲವಿಡೀ ಹಾಗೇ ಬಿದ್ದಿರುತ್ತಿತ್ತು. ಶರತ್ಕಾಲದಲ್ಲೇ ಉತ್ತು ಬಿತ್ತುವ ರೂಢಿ ಬಂದ ಮೇಲೆ ಕೂಳೆಯ ಕಾಳು ಇಲ್ಲವಾಯಿತು. ಉಳಿದಿದ್ದ ಬೀಜವೂ ಫೆಬ್ರವರಿ ಹೊತ್ತಿಗೆ ಮುಗಿಯುತ್ತದೆ, ಹೊಸ ಬೀಜಕ್ಕೆ ಬೇಸಿಗೆ ಬರಬೇಕು. ಅಲ್ಲಿಯ ಹಸಿವು ಆ ನಡುವಿನ ತಿಂಗಳುಗಳದ್ದು.

ಮಲೆನಾಡಿನ ಪಂಚಾಂಗವೇ ಬೇರೆ. ಇಲ್ಲಿ ನವೆಂಬರಿನಿಂದ ಜನವರಿವರೆಗೆ ಕೊಯ್ಲು ಮತ್ತು ಒಕ್ಕಲು. ಗದ್ದೆಯಲ್ಲಿ ಉದುರಿದ ಭತ್ತ, ಬದುವಿನ ಹುಲ್ಲಿನ ಬೀಜ, ಕಣದ ಜೊಳ್ಳು, ಹುಲ್ಲುಗೊಣಬೆಯಲ್ಲಿ ಉಳಿದ ತೆನೆ, ಎಲ್ಲವೂ ಇರುವ ಕಾಲ ಇದು. ನಡುಗುವ ಚಳಿ ನಮಗೇ ಹೊರತು ಹಕ್ಕಿಗಲ್ಲ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಹುಳ ಸಾಯುವುದಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳಲ್ಲಿ ತೋಟದಲ್ಲಿ ಕಾಣುವಂಥವು ನವರಂಗ, ಕುಂಡೆಕುಸ್ಕ, ಎಲೆಸಂದಿಯ ಉಲಿಯಕ್ಕಿಗಳು. ಎಲ್ಲವೂ ಹುಳ ತಿನ್ನುವಂಥವು. ಅವಕ್ಕೆ ನುಚ್ಚಕ್ಕಿಯೂ ಒಂದೇ, ಜಲ್ಲಿಕಲ್ಲೂ ಒಂದೇ.

ಹಣ್ಣು ತಿನ್ನುವವಕ್ಕೂ ಬೇಸಿಗೆಯ ಮೊದಲ ಭಾಗ ಬರಗಾಲವಲ್ಲ. ಅತ್ತಿ, ಗೋಳಿ, ಬಸರಿ ಹಣ್ಣಾದ ಕಡೆ ಮಂಗಟ್ಟೆ, ಕುಟ್ರುಹಕ್ಕಿ, ಪಿಕಳಾರ ಸೇರುತ್ತವೆ. ಬೂರುಗ, ಮುತ್ತುಗ, ಹಾಲುವಾಣ ಹೂ ಬಿಟ್ಟಾಗ ಕಾಜಾಣ, ಗೊರವಂಕ, ಸೂರಕ್ಕಿಗೆ ಮಕರಂದ ಸಿಗುತ್ತದೆ. ನಿಜವಾಗಿ ಇಕ್ಕಟ್ಟಿಗೆ ಸಿಕ್ಕುವುದು ಸಣ್ಣ ಬೀಜ ತಿನ್ನುವ ರಾಟವಾಳ, ಗುಬ್ಬಚ್ಚಿ, ಗೀಜಗ. ಅದೂ ಮಾರ್ಚ್ ಮತ್ತು ಏಪ್ರಿಲಿನಲ್ಲಿ, ಗದ್ದೆಯಲ್ಲಿ ದನ ತಿರುಗಿ, ಬದು ಸುಟ್ಟು, ಹುಲ್ಲುಬೀಜ ಮುಗಿದ ಮೇಲೆ. ಆಗ ಕಾಳಿಗಿಂತ ಹೆಚ್ಚು ಬೇಕಾದದ್ದು ನೀರು. ಮನೆಯವರು ಡಿಸೆಂಬರಿನಲ್ಲಿ ಶುರುಮಾಡಿದ್ದು ಉಂಡವನಿಗೆ ಮತ್ತೆ ಎಲೆ ಹಾಕಿದ ಹಾಗಾಯಿತು. ಹೊಟ್ಟೆ ತುಂಬಿದ ಸಣ್ಣ ಹಕ್ಕಿಗಳು ಗದ್ದೆಯಲ್ಲೇ ಉಳಿದವು, ಅಂಗಳಕ್ಕೆ ಬಂದದ್ದು ಎಲ್ಲಿ ಬೇಕಾದರೂ ಬದುಕುವ ಗಟ್ಟಿಗರು.

ಅಳತೆಯ ಲೆಕ್ಕ

ಎರಡು ಕೆ.ಜಿ. ಎಷ್ಟು ಹೆಚ್ಚು ಎಂಬುದು ಕೂಡಿಸಿ ನೋಡಿದರೆ ತಿಳಿಯುತ್ತದೆ. ಹದಿಮೂರು ಗ್ರಾಂ ತೂಗುವ ರಾಟವಾಳಕ್ಕೆ ದಿನಕ್ಕೆ ಮೂರು–ನಾಲ್ಕು ಗ್ರಾಂ ಬೀಜ ಸಾಕು. ಗುಬ್ಬಚ್ಚಿಗೆ ಐದಾರು ಗ್ರಾಂ, ಬೆಳವಕ್ಕೆ ಹದಿನೈದರಿಂದ ಇಪ್ಪತ್ತು. ಐವತ್ತು ರಾಟವಾಳ, ಹದಿನೈದು ಗುಬ್ಬಚ್ಚಿ, ಹತ್ತು ಬೆಳವ ಬಂದರೂ ಒಟ್ಟು ಅರ್ಧ ಕೆ.ಜಿ. ದಾಟದು, ಅದೂ ಬೇರೆಲ್ಲೂ ಏನನ್ನೂ ತಿನ್ನದಿದ್ದರೆ. ಉಳಿದ ಒಂದೂವರೆ ಕೆ.ಜಿ. ನವಿಲು, ಮಂಗ, ಹೆಗ್ಗಣಗಳ ಪಾಲು. ಒಂದು ನವಿಲು ತಿನ್ನುವಷ್ಟರಲ್ಲಿ ನಲವತ್ತು ರಾಟವಾಳ ಹೊಟ್ಟೆ ಹೊರೆಯುತ್ತವೆ.

ಮಧ್ಯಾಹ್ನದ ಹೊತ್ತಿಗೆ ನೆಲದಲ್ಲಿ ಕಾಳು ಕಂಡರೆ ಅಳತೆ ಹೆಚ್ಚಾಗಿದೆ ಎಂದೇ ಅರ್ಥ. ಮರುದಿನ ಕಾಲು ಭಾಗ ಇಳಿಸಬೇಕು. ಹಕ್ಕಿ ಕಾಯುತ್ತವೆ ಎಂದು ಹೆಚ್ಚಿಸಿದರೆ ಅದು ಇಲಿಗೆ ಹಾಕಿದ ಊಟ.

ಮಂಗ

ಈ ಪ್ರಕರಣದಲ್ಲಿ ಅತಿ ಅಪಾಯದ ಸಂಗತಿ ಇದೇ, ಮನೆಯವರು ಅತಿ ಹಗುರವಾಗಿ ತೆಗೆದುಕೊಂಡದ್ದೂ ಇದನ್ನೇ. ಮಂಗ ಬಂದರೆ ಬಾಳೆಗೊನೆ ಹೋಗುತ್ತದೆ, ಹೆಂಚು ಒಡೆಯುತ್ತದೆ ಎಂಬುದಷ್ಟೇ ಅವರ ಲೆಕ್ಕ. ಆದರೆ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳು ಜನರ ನೆನಪಿನಲ್ಲಿವೆ.

ರೋಗ ಹರಡುವುದು ಉಣುಗಿನಿಂದ. ಮಳೆಗಾಲದ ನಂತರ ತರಗೆಲೆಯ ನಡುವೆ ಉಣುಗಿನ ಮರಿಗಳು ಹೆಚ್ಚುತ್ತವೆ. ಅವು ಇಲಿ, ಹೆಗ್ಗಣ, ಮಂಗಗಳ ರಕ್ತ ಕುಡಿದು ಬೆಳೆಯುತ್ತವೆ, ದೊಡ್ಡವಾದ ಮೇಲೆ ದನಗಳನ್ನು ಹತ್ತುತ್ತವೆ. ಸೋಂಕು ತಗಲಿದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ದರಗಿಗೆ, ಅಂದರೆ ಒಣ ಎಲೆಗೆ, ಇಳಿಯುತ್ತವೆ. ಆ ಜಾಗಕ್ಕೆ ಸೊಪ್ಪಿಗೋ ಸೌದೆಗೋ ಹೋದವರಿಗೆ ಕಚ್ಚುತ್ತವೆ. ಅಂಗಳದಲ್ಲಿ ಜೋಳ ಚೆಲ್ಲಿ ಮಂಗನ ಗುಂಪನ್ನು ದಿನಾ ಕರೆಸಿಕೊಂಡರೆ, ಕಾಡಿನಲ್ಲಿ ಎಲ್ಲೋ ಆಗಬಹುದಾದ ಈ ಸಾವು ಕೊಟ್ಟಿಗೆಯ ಹಿಂದೆ ಆಗಬಹುದು. ಕಾಳಿಗೆ ಹೆಚ್ಚಿದ ಹೆಗ್ಗಣ ಉಣುಗಿಗೂ ಆಸರೆ. ಕಾಳು ಚೆಲ್ಲುವ ಜಾಗ, ದರಗಿನ ರಾಶಿ, ದನ ಕಟ್ಟುವ ಜಾಗ, ಮೂರೂ ಇಪ್ಪತ್ತು ಹೆಜ್ಜೆಯೊಳಗೆ ಇದ್ದವು. ಇದಕ್ಕಿಂತ ಕೆಟ್ಟ ಜೋಡಣೆ ಬೇಕೆಂದು ಹುಡುಕಿದರೂ ಸಿಗದು.

ಹಾಗಾಗಿ ಮಾಡಿದ ಮೊದಲ ಕೆಲಸ, ಚೆಲ್ಲುವುದನ್ನು ಆ ದಿನವೇ ನಿಲ್ಲಿಸಿದ್ದು. ಅಂಗಳ ಗುಡಿಸಿ ಕಾಳಿನ ಚೂರೂ ಉಳಿಯದಂತೆ ಮಾಡಲಾಯಿತು. ಮನೆ, ಕೊಟ್ಟಿಗೆಯ ಸುತ್ತಲಿನ ದರಗನ್ನು ಉದ್ದ ತೋಳಿನ ಅಂಗಿ, ಗಂಬೂಟು ಹಾಕಿಕೊಂಡು ಎಳೆದು ದೂರದ ಗುಂಡಿಗೆ ಸಾಗಿಸಲಾಯಿತು, ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ. ಮಂಗಗಳು ಒಂದು ವಾರ ಬಂದು ನೋಡಿದವು, ಎರಡನೇ ವಾರ ಎರಡು ಸಲ ಬಂದವು, ಆಮೇಲೆ ಬಿಟ್ಟವು. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೂಳಲು ಹೋಗುವುದೂ ತಪ್ಪು.

ಸತ್ತ ಬೆಳವ

ನುಂಗಲಾಗದ ಕಾಳು, ಒದ್ದೆ ಕೊಕ್ಕು, ಉಬ್ಬಿದ ಗರಿ ಪಾರಿವಾಳದ ಜಾತಿಯಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ತರುವ ಗಂಟಲಬೇನೆಯ ಲಕ್ಷಣ. ಗಂಟಲಲ್ಲಿ ಹಳದಿ ಗಿಣ್ಣಿನಂಥ ಗಡ್ಡೆ ಕಟ್ಟಿ ಹಕ್ಕಿ ಹಸಿದು ಸಾಯುತ್ತದೆ. ರೋಗ ದಾಟುವುದು ಎಂಜಲಿನಿಂದ, ಅಂದರೆ ಬಾಯಿಂದ ಬಿದ್ದ ಒದ್ದೆ ಕಾಳು ಮತ್ತು ಹಂಚಿಕೊಂಡ ನೀರಿನಿಂದ. ಬ್ರಿಟನ್ನಿನಲ್ಲಿ 2005ರಲ್ಲಿ ಇದು ಕಾಳಿನ ತಟ್ಟೆಗಳ ಸುತ್ತ ಸೇರುವ ಗ್ರೀನ್‌ಫಿಂಚ್ ಎಂಬ ಸಣ್ಣ ಹಕ್ಕಿಗೆ ತಗಲಿ, ಕೆಲವೇ ವರ್ಷದಲ್ಲಿ ಅದರ ಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಅಳಿಸಿತು. ಆಹಾರ ಕೊಡುವ ಕೈಯೇ ರೋಗ ಹಂಚಬಹುದು ಎಂಬುದಕ್ಕೆ ಅದು ಚೆನ್ನಾಗಿ ದಾಖಲಾದ ಉದಾಹರಣೆ. ಈ ಜೀವಿ ಒಣಗಿದರೆ ಸಾಯುತ್ತದೆ. ಬಿಸಿಲು, ಒಣ ತಟ್ಟೆ, ಎರಡು ವಾರದ ಬಿಡುವು, ಇಷ್ಟೇ ಮದ್ದು.

ಆದರೆ ಪೊರಕೆಯಲ್ಲಿ ಇನ್ನೊಂದು ಸುಳಿವು ಬಂತು. ಗುಡಿಸಿದ ಕಸದಲ್ಲಿ ಗುಲಾಬಿ ಬಣ್ಣದ ನಾಲ್ಕಾರು ಜೋಳದ ಕಾಳು ಇದ್ದವು. ಬಿತ್ತನೆಗೆ ತಂದು ಉಳಿದ ಚೀಲವನ್ನು ಯಾರೋ ‘ಹಾಳಾಗುವ ಬದಲು’ ಎಂದು ಹಕ್ಕಿಗೆ ಸುರಿದಿದ್ದರು. ಬಿತ್ತನೆ ಬೀಜಕ್ಕೆ ಬಣ್ಣ ಹಚ್ಚುವುದೇ ಅದರ ಮೇಲೆ ಶಿಲೀಂಧ್ರನಾಶಕ ಅಥವಾ ಕೀಟನಾಶಕ ಇದೆ, ತಿನ್ನಬೇಡಿ ಎಂದು ಹೇಳಲು. ಸತ್ತ ಬೆಳವಗಳಿಗೆ ಯಾವುದು ಕಾರಣ ಎಂಬುದನ್ನು ಪಶುವೈದ್ಯರು ಕೊಯ್ದು ನೋಡಿಯೇ ಹೇಳಬೇಕಿತ್ತು, ಅಷ್ಟರಲ್ಲಿ ಹೂತಾಗಿತ್ತು. ಕೈಗವಸು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಂಪಿನಲ್ಲಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ಒಯ್ದಿದ್ದರೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಕೋಳಿ ಸಾಕಿದವರಂತೂ ಇದನ್ನು ಬಿಡಬಾರದು. ಕೊಟ್ಟಿಗೆಯ ಅಟ್ಟವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಫೋರೇಟ್ ಎಂಬ ಕೀಟನಾಶಕದ ಹರಳು 2020ರ ಕೊನೆಗೆ ನಿಷೇಧವಾದರೂ ಹಳೆಯ ಪೊಟ್ಟಣ ಎಷ್ಟೋ ಮನೆಗಳಲ್ಲಿ ಕಾಳಿನ ಚೀಲದ ಮಗ್ಗುಲಲ್ಲೇ ಇರುತ್ತದೆ.

ಮೂರನೆಯದು ಬೂಸಲು. ಡಿಸೆಂಬರಿನ ಇಬ್ಬನಿಗೆ ನೆನೆದ ಒಡೆದ ಜೋಳ ಮತ್ತು ಶೇಂಗಾ ಬೂಸಲಿಗೆ ಹೇಳಿ ಮಾಡಿಸಿದ ಜಾಗ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಹಕ್ಕಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮಲೆನಾಡಿನಲ್ಲಿ ಒಡೆದ ಜೋಳವನ್ನು ಹಕ್ಕಿಗೆ ಹಾಕಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಉಪ್ಪು, ಎಣ್ಣೆ, ಒಗ್ಗರಣೆಯ ಅನ್ನವೂ ಬೇಡ. ಹಸಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆ ಎನ್ನುವ ಮಾತೊಂದಿದೆ, ಅದು ಸುಳ್ಳು. ಭತ್ತವನ್ನೇ ತಿಂದು ಬದುಕುವ ರಾಟವಾಳಕ್ಕೆ ಅಕ್ಕಿಯಿಂದ ಏನೂ ಆಗದು.

ಬದಲಿಸಿದ್ದು

ಕಾಳು ಮತ್ತೆ ಶುರುವಾದದ್ದು ಮಾರ್ಚ್ ಮೊದಲ ವಾರ. ಜಾಗ ಅಂಗಳವಲ್ಲ, ಮನೆಯಿಂದ ನೂರು ಹೆಜ್ಜೆ ದೂರದ ಗದ್ದೆಯಂಚು. ಪೊದೆಯಿಂದ ಹತ್ತು ಅಡಿ ಬಿಟ್ಟಿದೆ. ಅದಕ್ಕಿಂತ ಹತ್ತಿರವಾದರೆ ಬೆಕ್ಕು ಹೊಂಚುತ್ತದೆ, ಬಹಳ ದೂರವಾದರೆ ಶಿಕ್ರಾ ಗಿಡುಗ ಎರಗಿದಾಗ ಅಡಗಲು ತಾವಿರುವುದಿಲ್ಲ.

ನೆಲಕ್ಕೆ ಚೆಲ್ಲುವುದನ್ನು ಬಿಟ್ಟು ಒಂದು ಪಂಜರ ಕಟ್ಟಿಸಿದರು. ಹಕ್ಕಿಯನ್ನು ಕೂಡುವ ಪಂಜರವಲ್ಲ, ದೊಡ್ಡ ಪ್ರಾಣಿಗಳನ್ನು ಹೊರಗಿಡುವ ಪಂಜರ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಕಬ್ಬಿಣದ ಚೌಕಟ್ಟು. ಸುತ್ತ ಒಂದೂವರೆ ಇಂಚಿನ ಚೌಕದ ವೆಲ್ಡ್ ಜಾಲರಿ. ಈ ಕಂಡಿಯಲ್ಲಿ ರಾಟವಾಳ, ಗುಬ್ಬಚ್ಚಿ, ಗೀಜಗ ನುಸುಳುತ್ತವೆ. ಬೆಳವ, ಕಾಗೆ, ಗಿಳಿ, ದೊಡ್ಡ ಮಂಗನ ಕೈ ನುಸುಳುವುದಿಲ್ಲ. ಮರಿಮಂಗದ ಕೈ ಹೋಗುತ್ತದೆ, ಅದಕ್ಕೇ ತಟ್ಟೆ ನಟ್ಟನಡುವೆ ಇದೆ, ಒಂದೇ ಅಡಿ ಅಗಲ, ಎಲ್ಲ ಬದಿಯಿಂದಲೂ ಒಂದು ಅಡಿ ದೂರ. ಎರಡು ಇಂಚಿನ ಜಾಲರಿ ಅಗ್ಗಕ್ಕೆ ಸಿಗುತ್ತದೆ ಎಂದು ತಂದರೆ ಈ ಲೆಕ್ಕವೆಲ್ಲ ಕೆಡುತ್ತದೆ. ತಟ್ಟೆಯ ತಳಕ್ಕೆ ಮರದ ಹಲಗೆ ಬೇಡ, ಸೊಳ್ಳೆಜಾಲರಿ ಬಿಗಿದರೆ ಇಬ್ಬನಿಯ ನೀರು ಇಳಿದುಹೋಗುತ್ತದೆ. ಮೇಲೆ ತಗಡಿನ ಮಾಡು, ನಾಲ್ಕೂ ಬದಿಗೆ ಅರ್ಧ ಅಡಿ ಚಾಚಿರಬೇಕು.

ಕಾಲುಗಳು ಐದಡಿಯ ಜಿಐ ಪೈಪು. ಪ್ರತಿ ಕಾಲಿಗೂ ನೆಲದಿಂದ ಎರಡಡಿ ಮೇಲೆ, ಎರಡಡಿ ಉದ್ದದ ನುಣುಪು ತಗಡಿನ ಕೊಳವೆ ಸಡಿಲವಾಗಿ ಸುತ್ತಿದೆ. ಇಲಿಗೆ, ಹಾವಿಗೆ ಅಲ್ಲಿ ಹಿಡಿತ ಸಿಗದು. ಒಂದು ಕಾಲಿಗೆ ಬಿಟ್ಟರೂ ಉಳಿದ ಮೂರು ವ್ಯರ್ಥ, ಮೊದಲ ವಾರ ಆಗಿದ್ದೂ ಅದೇ. ಕೆಳಗೆ ಹಾಸಿದ ಟಾರ್ಪಾಲನ್ನು ಸಂಜೆ ಕೊಡವಿ, ಬಿದ್ದ ಹೊಟ್ಟು, ಕಾಳನ್ನು ಗೊಬ್ಬರಗುಂಡಿಗೆ ಹಾಕಿ ಮುಚ್ಚುತ್ತಾರೆ. ಅಳಿಲು ಮಾತ್ರ ನುಗ್ಗುತ್ತದೆ. ಅದಕ್ಕೆ ಉಪಾಯ ಹುಡುಕುತ್ತ ಕೂರುವುದಕ್ಕಿಂತ ಹತ್ತು ಗ್ರಾಂ ಬಿಟ್ಟುಕೊಡುವುದು ವಾಸಿ.

ದಿನದ ಅಳತೆ ಮುನ್ನೂರು ಗ್ರಾಂ, ಬೆಳಿಗ್ಗೆ ಏಳಕ್ಕೆ ಒಮ್ಮೆ. ಅರ್ಧ ನವಣೆ, ಸಾಮೆ, ಉಳಿದರ್ಧ ಭತ್ತ. ಭತ್ತ ಅಂಗಡಿಯದ್ದಲ್ಲ. ಗದ್ದೆಯ ಮೂಲೆಯಲ್ಲಿ ಅರ್ಧ ಗುಂಟೆ, ಅಂದರೆ ಸುಮಾರು ಹದಿನಾರು ಅಡಿಗೆ ಮೂವತ್ತಮೂರು ಅಡಿ ಜಾಗವನ್ನು ಮುಂದಿನ ಕೊಯ್ಲಿನಿಂದ ಹಕ್ಕಿಗೆಂದೇ ತೆಗೆದಿಟ್ಟರು. ಎಕರೆಗೆ ಇಪ್ಪತ್ತು ಕ್ವಿಂಟಲ್ ಇಳುವರಿ ಎಂದರೆ ಅಷ್ಟರಲ್ಲಿ ಇಪ್ಪತ್ತೈದು ಕೆ.ಜಿ. ಭತ್ತ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ, ಹಾಗೆ ನೋಡಿದರೆ ಆರು ನೂರಕ್ಕೂ ಕಡಿಮೆ ಖರ್ಚು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಡುವ ನಾಡಿನಲ್ಲಿ ಈ ಅರ್ಧ ಗುಂಟೆಯ ಮಾತು ಮನೆಯ ಹಿರಿಯರಿಗೆ ವಿಚಿತ್ರ ಎನಿಸಲಿಲ್ಲ.

ಅದರಲ್ಲಿ ಅರ್ಧ ಭಾಗವನ್ನು ಕೊಯ್ಯದೆ ನಿಲ್ಲಿಸಿದರು. ಕೊಯ್ಲು ಮುಗಿದ ಮೇಲೆ ಊರಿನ ದನವನ್ನೆಲ್ಲ ಗದ್ದೆಗೆ ಬಿಡುವ ರೂಢಿ ಇರುವುದರಿಂದ ಸುತ್ತ ಬಿದಿರುಮುಳ್ಳು ಕಟ್ಟಬೇಕಾಯಿತು. ಇಲ್ಲದಿದ್ದರೆ ಆ ಹಕ್ಕಿಯ ಪಾಲು ಒಂದೇ ರಾತ್ರಿ ಎಮ್ಮೆಯ ಪಾಲು. ನಿಂತ ತೆನೆಯಿಂದ ಕಾಳು ನಿಧಾನಕ್ಕೆ ಉದುರಿ ಜನವರಿ ಕೊನೆಯವರೆಗೆ ನಡೆಯುತ್ತದೆ. ಉಳಿದರ್ಧವನ್ನು ಕೊಯ್ದು, ಚೆನ್ನಾಗಿ ಒಣಗಿಸಿ, ನೂರು ನೂರು ತೆನೆಯ ಕಂತೆ ಕಟ್ಟಿ, ಅಡುಗೆಮನೆಯ ಹೊಗೆಯಟ್ಟದಲ್ಲಿ ತೂಗುಹಾಕಿದರು. ಒಂದು ಕಂತೆಯಲ್ಲಿ ಕಾಲು ಕೆ.ಜಿ. ಹತ್ತಿರ ಕಾಳಿರುತ್ತದೆ. ಹನ್ನೆರಡೂವರೆ ಕೆ.ಜಿ.ಗೆ ಐವತ್ತು ಕಂತೆ. ಒಂದು ಕಂತೆ ಪಂಜರದ ಮಾಡಿನಿಂದ ತೂಗಿದರೆ ಒಂದೂವರೆ ದಿನ ಬರುತ್ತದೆ, ಮಾರ್ಚ್, ಏಪ್ರಿಲ್ ಎರಡೂ ದಾಟುತ್ತವೆ. ತಟ್ಟೆಯ ಕಾಳಿಗಿಂತ ತೆನೆ ಲೇಸು. ರಾಟವಾಳಕ್ಕೆ ತೆನೆಗೆ ಜೋತುಬಿದ್ದು ಬಿಡಿಸಿ ತಿನ್ನುವುದೇ ರೂಢಿ, ಹಿಕ್ಕೆಯೂ ಕಾಳೂ ಬೆರೆಯುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಪೈಸೆ ಖರ್ಚಿಲ್ಲದ ಕೆಲಸ: ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯದೆ, ಬೆಂಕಿ ಇಡದೆ, ಬೀಜ ಉದುರುವವರೆಗೆ ಬಿಟ್ಟದ್ದು. ರಾಟವಾಳದ ಮುಖ್ಯ ಆಹಾರ ಹುಲ್ಲಿನ ಬೀಜ. ಭತ್ತದ ಮಾತು ಆಮೇಲಿನದು.

ನೀರು

ಫೆಬ್ರವರಿ ನಡುವಿನಿಂದಲೇ ಎರಡು ಮಣ್ಣಿನ ಬಾನಿ ಇಟ್ಟರು, ಒಂದು ಗದ್ದೆಯಂಚಿಗೆ, ಒಂದು ತೋಟದ ನೆರಳಿಗೆ. ಒಂದೂವರೆ ಅಡಿ ಅಗಲ, ಅಂಚಿನಲ್ಲಿ ಒಂದು ಇಂಚು, ನಡುವೆ ಎರಡು ಇಂಚು ಆಳ. ಒಳಮೈ ಒರಟಾಗಿರಬೇಕು, ಪಿಂಗಾಣಿಯ ನುಣುಪಿನಲ್ಲಿ ಸಣ್ಣ ಹಕ್ಕಿಯ ಕಾಲು ಜಾರುತ್ತದೆ. ನಡುವೆ ಒಂದು ಚಪ್ಪಟೆ ಕಲ್ಲು ಇಟ್ಟರೆ ಜೇನುಹುಳುವೂ ಮುಳುಗದೆ ಕುಡಿಯುತ್ತದೆ. ಕಾಳಿನ ಕಡೆ ತಲೆ ಹಾಕದ ಮಡಿವಾಳ ಹಕ್ಕಿ, ಹರಟೆಮಲ್ಲ, ಕೆಮ್ಮೀಸೆ ಪಿಕಳಾರ ಎಲ್ಲ ಇಲ್ಲಿಗೆ ಬಂದವು. ತೋಟದ ಬಾನಿಗೆ ಸಂಜೆ ಹೊತ್ತು ನವರಂಗವೂ ಇಳಿಯಿತು.

ನೀರನ್ನು ದಿನಾ ಬದಲಿಸಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ವಾರ ಬಿಟ್ಟರೆ ಸೊಳ್ಳೆ ಹಾರುತ್ತದೆ. ವಾರಕ್ಕೊಮ್ಮೆ ಬಾನಿ, ತಟ್ಟೆ ಎರಡನ್ನೂ ತೆಂಗಿನ ನಾರಿನಲ್ಲಿ ತಿಕ್ಕಿ, ಲೀಟರ್ ನೀರಿಗೆ ಹದಿನೈದು ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ ಮತ್ತೆ ಇಡುತ್ತಾರೆ. ಅದಕ್ಕೇ ಬಾನಿ ಎರಡರ ಬದಲು ನಾಲ್ಕಿದ್ದರೆ ಅನುಕೂಲ. ಬ್ಲೀಚಿಂಗ್ ಪೌಡರಿಗೆ ಫಿನಾಯಿಲು, ಆಸಿಡ್ ಯಾವುದನ್ನೂ ಬೆರೆಸಬಾರದು.

ಉಳಿದ ತಕರಾರು

ಹೆಗ್ಗಣ ಎರಡು ತಿಂಗಳಲ್ಲಿ ಕಡಿಮೆಯಾಯಿತು, ಮಂಗ ಅಂಗಳ ಬಿಟ್ಟಿತು. ಪಂಜರಕ್ಕೆ ಮೊದಲ ಆರು ದಿನ ಒಂದು ಹಕ್ಕಿಯೂ ಹೋಗಲಿಲ್ಲ. ಏಳನೇ ದಿನ ಎರಡು ಗುಬ್ಬಚ್ಚಿ ಹೊಕ್ಕವು, ಆಮೇಲೆ ರಾಟವಾಳ. ಜಾಲರಿಯ ಹೊಳಪು ಹೋಗುವವರೆಗೆ ಕಾಯಬೇಕು, ಜಾಗ ಬದಲಿಸುತ್ತ ಹೋದರೆ ಮತ್ತೆ ಮೊದಲಿನಿಂದ. ಮುಂಗಾರಿನ ಮೊದಲ ಹದಮಳೆ ಬಿದ್ದ ದಿನ ಕಾಳು ನಿಲ್ಲಿಸಿ, ಪಂಜರ ತೊಳೆದು ಅಟ್ಟ ಸೇರಿಸಿದರು. ಮಳೆಗಾಲದ ತೇವದಲ್ಲಿ ತಟ್ಟೆಯ ಕಾಳು ಒಂದೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಆಗ ಗೂಡು ಕಟ್ಟುವ ಗೀಜಗ, ಗುಬ್ಬಚ್ಚಿ ಮರಿಗಳಿಗೆ ಕೊಡುವುದೂ ಹುಳವನ್ನೇ.

ನವಿಲು ಮಾತ್ರ ಅಂಗಳ ಬಿಟ್ಟರೂ ಪಕ್ಕದವರ ಅಲಸಂದೆ ಬಿಟ್ಟಿಲ್ಲ. ರುಚಿ ಹತ್ತಿಸಿದ್ದು ಈ ಮನೆ, ನಷ್ಟ ಆ ಮನೆಯದ್ದು. ನವಿಲಿಗೆ ಉರುಳು, ವಿಷ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದೊಡ್ಡ ಅಪರಾಧ, ಆ ದಾರಿ ಇಲ್ಲ. ಬಿತ್ತಿದ ಮೊದಲ ಹದಿನೈದು ದಿನ, ಮೊಳಕೆ ಎರಡೆಲೆ ದಾಟುವವರೆಗೆ, ಸಾಲಿನ ಮೇಲೆ ಹಳೆಯ ಮೀನುಬಲೆಯನ್ನು ಒಂದು ಅಡಿ ಎತ್ತರಕ್ಕೆ ಎಳೆದು ಕಟ್ಟುವುದೆಂದು ಮಾತಾಗಿದೆ. ಬಲೆ ಸಡಿಲ ಬಿಟ್ಟರೆ ಹಾವು, ಹಕ್ಕಿ ಸಿಕ್ಕಿಬೀಳುತ್ತವೆ, ಹಾಗಾಗಿ ಬಿಗಿಯಾಗಿ ಎಳೆದು ದಿನಕ್ಕೆರಡು ಸಲ ನೋಡಬೇಕು. ಬಲೆ ಈ ಮನೆಯದ್ದು, ಗೂಟ ಆ ಮನೆಯದ್ದು.